ನವಿಲು ಹೊಡೆದರೆ ಐನೂರು!

ಬೆಳಗೋಡು ಹೋಬಳಿಯಲ್ಲಿ ನನ್ನಂಥ ಗುರಿಕಾರ ಹಿಂದೆ ಹುಟ್ಟಿಲ್ಲ, ಮುಂದೆ ಹುಟ್ಟುವ ಸೂಚನೆಯೂ ಇಲ್ಲ! ಇದನ್ನು ಹೆಂಡತಿಯ ಮುಂದೆ, ಮಾವನ ಮುಂದೆ, ಬೇಕಾದರೆ ಇಡೀ ಊರಿನ ಮುಂದೆ ಸಾಬೀತು ಮಾಡಿಯೇ ತೀರುತ್ತೇನೆ ಎಂದು ಯುಗಾದಿಯ ದಿನ ಬೇವುಬೆಲ್ಲ ಸಾಕ್ಷಿಯಾಗಿ ಶಪಥ ಮಾಡಿದೆ. ಇಡೀ ಊರಿನ ಮುಂದೆಯೇ ಸಾಬೀತಾಯಿತು ಕಣ್ರೀ. ಏನು ಸಾಬೀತಾಯಿತು ಅನ್ನುವುದಷ್ಟೇ ಬೇರೆ ವಿಷಯ.

ಶಪಥಕ್ಕೆ ಕಾರಣ ನನ್ನ ಮಾವ ಚನ್ನಬಸವಯ್ಯನವರ ಕೋವಿ. ನಮ್ಮ ಮನೆಯಿಂದ ಕೂಗಳತೆಯಲ್ಲಿ ಅವರ ಮನೆ, ನಡುಮನೆಯ ಗೋಡೆಯ ಮೇಲೆ ಅವರ ಕೋವಿ. ಗದ್ದೆಗೆ ಹಂದಿ ಬಂದರೆ ಆಕಾಶಕ್ಕೊಂದು ಗುಂಡು ಹಾರಿಸುತ್ತಾರೆ, ಹಂದಿಗೆ ಮರ್ಯಾದೆ ಇದ್ದರೆ ಹೋಗುತ್ತದೆ. ಮಾವನಿಗೆ ಎಪ್ಪತ್ತು ದಾಟಿತು. ಈ ಸಲ ಪರವಾನಗಿ ರಿನ್ಯೂವಲ್ ಮಾಡಿಸುವಾಗ ಮುಂದೆ ಕೋವಿ ಯಾರ ಹೆಸರಿಗೆ ಎಂದು ಹೇಳಬೇಕಿತ್ತು. ಇರುವವಳು ಒಬ್ಬಳೇ ಮಗಳು, ನನ್ನ ಹೆಂಡತಿ ಪಂಕಜಾಕ್ಷಿ. ಅಂದ ಮೇಲೆ ಕೋವಿ ಅಳಿಯನಿಗಲ್ಲದೆ ಇನ್ನಾರಿಗೆ?

"ಅಳಿಯಂದಿರಿಗೆ ಕೋವಿನಾ?" ಎಂದು ಮಾವ ಹಬ್ಬದೂಟದ ಎಲೆಯ ಮುಂದೆಯೇ ನಕ್ಕರು. "ದೀಪಾವಳೀಲಿ ಪಕ್ಕದ ಮನೆ ಹುಡುಗ್ರು ಪಟಾಕಿ ಹೊಡೆದ್ರೆ ನಮ್ಮ ಅಳಿಯಂದಿರು ಅಕ್ಕಿ ಡಬ್ಬದ ಹಿಂದೆ ಇರ್ತಾರೆ!"

ಸುಳ್ಳು! ಶುದ್ಧ ಸುಳ್ಳು! ಅವತ್ತು ನಾನು ಅಕ್ಕಿ ಡಬ್ಬದ ಹಿಂದೆ ಬಿದ್ದ ಪೆನ್ನು ಹುಡುಕುತ್ತಿದ್ದೆ.

ಅಪಮಾನದಿಂದ ಕುದಿಯುತ್ತಾ ಅಟ್ಟ ಹತ್ತಿದೆ. ಅಲ್ಲಿತ್ತು ನನ್ನ ಬಾಲ್ಯದ ವೈಭವ: ಟೀವಿಗೆ ಸಿಕ್ಕಿಸಿ ಆಡುವ ವಿಡಿಯೋ ಗೇಮ್. ಆಗ ಟೀವಿಯಲ್ಲಿ ಹಾರುವ ಹಕ್ಕಿಗಳನ್ನು ಗನ್ನಿನಿಂದ ಹೊಡೆದು ಕೆಡವುವುದರಲ್ಲಿ ನಮ್ಮ ಬೀದಿಗೆ ನಾನೇ ಚಕ್ರವರ್ತಿ. ಈಗ ಗೇಮಿನ ಪೆಟ್ಟಿಗೆಯೊಳಗೆ ಹಲ್ಲಿಗಳು ಸಂಸಾರ ಹೂಡಿದ್ದವು, ಕ್ಯಾಸೆಟ್ ನಾಪತ್ತೆಯಾಗಿತ್ತು. ಉಳಿದದ್ದು ಬಾಲದಂಥ ವೈರಿನ ಸಮೇತ ಒಂದು ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಗನ್ ಮಾತ್ರ.

ಹಾಸನದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಗೆಳೆಯ ಮಹೇಶ ದಾರಿ ತೋರಿಸಿದ.

"ಎಮ್ಯುಲೇಟರ್ ಹಾಕ್ತೀನಿ ಕಣೇ!" ಎಂದು ಪಂಕಜಾಕ್ಷಿಗೆ ಘೋಷಿಸಿದೆ.

"ಎಮ್ಮೆ ಲೇಟಾ? ಯಾರ ಮನೇದ್ರೀ?"

"ಎಮ್ಮೆ ಅಲ್ವೇ! ಸತ್ತುಹೋದ ಗೇಮಿನ ಪೆಟ್ಟಿಗೆ ವೇಷ ಹಾಕ್ಕೊಂಡು ಫೋನೇ ಕುಣಿಯೋದು. ಅದನ್ನ ದೊಡ್ಡ ಟೀವೀಲಿ ನೋಡಬೋದು. ಕ್ಯಾಸೆಟ್ ಬದಲು ರೋಮ್ ಅಂತ ಒಂದು ಐತೆ, ಅದನ್ನ ಇಳಿಸಿದ್ರೆ ಆಯ್ತು."

"ಇಳಿಸೋಕೆ ರೋಮ ಎಲ್ಲಿ ಉಳಿದೈತ್ರೀ ನಿಮ್ಮ ತಲೇಲಿ?"

ಇಂಥ ಮಾತಿಗೆಲ್ಲ ವೀರರು ಕಿವಿಗೊಡುವುದಿಲ್ಲ. ಆದರೆ ಇಂಟರ್ನೆಟ್ಟಿನಲ್ಲಿ ರೋಮ್ ಇಳಿಸುವ ಜಾಗದಲ್ಲಿ ಒಂದು ಎಚ್ಚರಿಕೆ ಇತ್ತು, ಅದೂ ಕನ್ನಡದಲ್ಲಿ: 'ಮೂಲ ಕ್ಯಾಸೆಟ್ ನಿಮ್ಮ ಬಳಿ ಇಲ್ಲದಿದ್ದರೆ ಇದು ಅಪರಾಧವಾಗಬಹುದು.' ಕಣ್ಣು ಮುಚ್ಚಿ 'ಒಪ್ಪಿದೆ' ಒತ್ತಿದೆ. ಅಂದಿನಿಂದ ರಸ್ತೆಯಲ್ಲಿ ಜೀಪಿನ ಸದ್ದಾದರೆ ಸಾಕು, ಬಾಯಿ ಒಣಗುತ್ತಿತ್ತು. ನನ್ನ ಗೊಬ್ಬರದ ಅಂಗಡಿಯಲ್ಲಿ ಕೂತು ಯೂರಿಯಾ ಕೇಳಿದವರಿಗೆ ಸುಣ್ಣ ತೂಗಿಕೊಟ್ಟೆ.

ಆಟವೇನೋ ಶುರುವಾಯಿತು. ಬಾತುಕೋಳಿಗೆ ಹತ್ತು ಅಂಕ, ಕೊಕ್ಕರೆಗೆ ಇಪ್ಪತ್ತು, ಅಪರೂಪಕ್ಕೆ ಹಾರಿ ಬರುವ ನವಿಲಿಗೆ ಐನೂರು! ಮಹೇಶ ಕಳಿಸಿದ ಪಿನ್ನಿನಿಂದ ಗನ್ನನ್ನು ಫೋನಿಗೆ ಸಿಕ್ಕಿಸಿ, ಒಂದು ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು ಹೊಡೆದೆ. ಢಂ! ಹಕ್ಕಿ ತನ್ನ ಪಾಡಿಗೆ ತಾನು ಹಾರಿಹೋಯಿತು. ಢಂ! ಢಂ! ಸದ್ದಿಗೆ ಬರವಿಲ್ಲ, ಬಿದ್ದದ್ದು ಒಂದೂ ಇಲ್ಲ.

"ಏನಾದ್ರೂ ಬಿತ್ತೇನ್ರೀ?" ಎಂದಳು ಅಡುಗೆಮನೆಯಿಂದ.

"ಬೀಳ್ತದೆ, ಬೀಳ್ತದೆ!"

"ನೀವು ಬೀಳ್ಬೇಡಿ, ವೈರು ಕಾಲಿಗೆ ಸುತ್ಕೊಂಡೈತೆ."

ಮಹೇಶನನ್ನೇ ಕೇಳಬೇಕಾಯಿತು. ನಮ್ಮಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ರಸ್ತೆಯ ಮೋರಿ ಕಟ್ಟೆಯ ಮೇಲೆ ಮಾತ್ರ. ಅಲ್ಲೂ ಕಟ್ಟೆ ಹತ್ತಿ ನಿಂತು ಕಿರುಚಬೇಕು. ಎದುರಿಗೇ ಕುಳ್ಳಯ್ಯನ ಟೀ ಅಂಗಡಿ. ಅಂಗಡಿಯ ತುಂಬ ಜನ ಎಲೆಕ್ಷನ್ ಮಾತಾಡುತ್ತಿದ್ದರು. ಚುನಾವಣೆ ಘೋಷಣೆಯಾಗಿ ವಾರವಾಗಿತ್ತು. ನಮ್ಮ ಕಡೆ ಎಲೆಕ್ಷನ್ ಅಂದರೆ ಪರವಾನಗಿ ಇರುವ ಕೋವಿಗಳೆಲ್ಲ ಮೊದಲು ಪೊಲೀಸ್ ಸ್ಟೇಷನ್ನಿಗೆ ಹೋಗಿ ಡಿಪಾಜಿಟ್ ಆಗಬೇಕು. ಮಾವನ ಕೋವಿಯೂ ಹೋಗಿ ಕೂತಿತ್ತು. ಇಡೀ ಹೋಬಳಿಯಲ್ಲಿ ಕೋವಿ ಎಂಬುದೇ ಇಲ್ಲದ ಅಂಥ ಹೊತ್ತಿನಲ್ಲಿ ನಾನು ಕಟ್ಟೆ ಹತ್ತಿ ಹೀಗೆ ಕಿರುಚಿದೆ:

"ಮಹೇಶಾ! ಲೋಡ್ ಆಗೈತೆ ಕಣೋ! ಹ್ಞೂಂ, ಗನ್ನೂ ಐತೆ! ಹಳೇದು, ಅಟ್ಟದ ಮೇಲಿತ್ತು! ಆದ್ರೆ ಬಾತುಕೋಳಿ ಒಂದೂ ಬೀಳ್ತಿಲ್ಲ ಮಾರಾಯ! ಅಯ್ಯೋ, ನನಗೆ ನವಿಲು ಬೇಕು ಕಣೋ! ನವಿಲು ಹೊಡೆದ್ರೆ ಐನೂರು! ಭಾನುವಾರ ಮಾವನ ಎದುರಿಗೇ ಹೊಡೆದು ಕೆಡವ್ತೀನಿ ನೋಡು!"

ಟೀ ಅಂಗಡಿ ಗಪ್‌ಚಿಪ್ಪಾಯಿತು. ನನ್ನ ಧೀರ ನಿಲುವು ನೋಡಿ ಬೆರಗಾದರು ಎಂದುಕೊಂಡೆ.

ಮಹೇಶ ಹೇಳಿದ್ದಿಷ್ಟು: "ಆ ಗನ್ನು ಹಳೇ ಡಬ್ಬಾ ಟೀವಿ ಬೆಳಕಿಗೆ ಮಾತ್ರ ಕಣ್ಣು ಬಿಡೋದು ಕಣೋ. ಈಗಿನ ಟೀವಿ ಮುಂದೆ ಅದು ಹುಟ್ಟುಕುರುಡು. ಸದ್ದು ಬರುತ್ತೆ, ಗುರಿ ತಾಗಲ್ಲ. ಸುಮ್ನೆ ಫೋನಿನ ಮೇಲೆ ಬೆರಳಲ್ಲಿ ಒತ್ತು."

"ಬೆರಳಲ್ಲಿ ಒತ್ತಿ ಸಾಯಿಸೋಕೆ ಅದೇನು ತಿಗಣೆನಾ?" ಎಂದು ಫೋನಿಟ್ಟೆ. ಮಹೇಶನಿಗೆ ಚಿಕ್ಕಂದಿನಿಂದಲೂ ನನ್ನನ್ನು ಕಂಡರೆ ಹೊಟ್ಟೆಕಿಚ್ಚು.

ಮರುದಿನ ಪಕ್ಕದ ಬೀದಿಯ ದೇವೀರಮ್ಮ ಕೋಲೂರಿಕೊಂಡು ಬಂದರು. ಕೈಯಲ್ಲೊಂದು ಸಣ್ಣ ಸೀಸೆ.

"ಒಂಚೂರು ಎಣ್ಣೆ ಕೊಡಪ್ಪಾ. ಮಂಡಿ ನೋವು ಜೀವ ಹಿಂಡ್ತೈತೆ."

ಕೊಬ್ಬರಿ ಎಣ್ಣೆ ತುಂಬಿಸಿ ಕೊಟ್ಟೆ. ಅಜ್ಜಿ ಮೂಸಿ ನೋಡಿ, ಕಣ್ಣು ಮಿಟುಕಿಸಿ, "ವಾಸ್ನೇನೂ ಗೊತ್ತಾಗ್ದಂಗೆ ಮಾಡಿದ್ದೀಯಲ್ಲಪ್ಪಾ! ನಾನು ಯಾರ್ಗೂ ಹೇಳಾಕಿಲ್ಲ ಬುಡು" ಎಂದು ಹೊರಟರು. ಎಣ್ಣೆ ಕೊಟ್ಟಿದ್ದಕ್ಕೆ ಇಷ್ಟೊಂದು ಗುಟ್ಟೇಕೆ? ಅರ್ಥವಾಗಲಿಲ್ಲ. ಅರ್ಥವಾಗದ್ದಕ್ಕೆಲ್ಲ ಹೆದರುವುದು ನನ್ನ ಹುಟ್ಟುಗುಣವಾದ್ದರಿಂದ ಸ್ವಲ್ಪ ಹೆದರಿಟ್ಟುಕೊಂಡೆ.

ಭಾನುವಾರ ಬಂತು. ಮಾವ ಬಂದು ಕಾಫಿ ಲೋಟ ಹಿಡಿದು ಟೀವಿಯ ಮುಂದೆ ಕೂತರು. ಪಂಕಜಾಕ್ಷಿ ಅಡುಗೆಮನೆಯಲ್ಲಿ ಕೈಗೆ ಎಣ್ಣೆ ಸವರಿಕೊಂಡು ಎಳೆ ಹಲಸಿನಕಾಯಿ ಹೆಚ್ಚುತ್ತಿದ್ದಳು, ಒಂದು ಪಾಲು ಆಗಲೇ ಒಲೆಯ ಮೇಲೆ ಬೇಯುತ್ತಿತ್ತು. ನಾನು ಗನ್ ಎತ್ತಿದೆ. ಹೊರಗೆ ಜೀಪು ನಿಂತಿತು!

ಮೂಲ ಕ್ಯಾಸೆಟ್! ಅಪರಾಧ! ಒಪ್ಪಿದೆ! ಕಾಲುಗಳು ನನ್ನನ್ನು ಕೇಳದೆಯೇ ಓಡಿದವು. ಕಣ್ಣು ಬಿಟ್ಟಾಗ ಅಕ್ಕಿ ಡಬ್ಬದ ಹಿಂದಿದ್ದೆ.

"ರೀ," ಎಂದಳು ಹೆಂಡತಿ ಡಬ್ಬದ ಮೇಲಿಂದ ಬಗ್ಗಿ, "ಪೆನ್ನು ಸಿಕ್ತಾ? ಪೊಲೀಸ್ನೋರು ಕರೀತಾವ್ರೆ."

ನಡುಮನೆಯಲ್ಲಿ ಒಬ್ಬ ದಫೇದಾರರು, ಒಬ್ಬ ಫಾರೆಸ್ಟ್ ಗಾರ್ಡು. ಬಾಗಿಲಲ್ಲಿ ಕುಳ್ಳಯ್ಯ, ಅವನ ಹಿಂದೆ ಅರ್ಧ ಊರು.

"ಎಲ್ಲಿಂದ ತರಿಸಿದ್ರಿ?" ದಫೇದಾರರ ಮೊದಲ ಪ್ರಶ್ನೆ.

"ತಪ್ಪಾಯ್ತು ಸಾರ್," ಎಂದೆ. "ಹೊರದೇಶದ್ದು ಸಾರ್. ಎಲ್ಲರೂ ಹಿಂಗೇ ಇಳಿಸ್ಕೋತಾರೆ."

"ಎಲ್ಲರೂನಾ! ಎಲ್ಲಿ ಇಳಿಸ್ಕೊಂಡ್ರಿ? ಎಡಕುಮೇರಿ ಕಾಡಲ್ಲಿ ರೈಲಿಂದನಾ?"

"ಇಲ್ಲ ಸಾರ್, ಮೋರಿ ಕಟ್ಟೆ ಮೇಲೆ ಕೂತು."

"ಹಾಡಹಗಲೇ?"

"ರಾತ್ರಿ ಅಲ್ಲಿ ಆನೆ ಬರ್ತವೆ ಸಾರ್."

ದಫೇದಾರರು ಟೋಪಿ ತೆಗೆದು ಹಣೆ ಒರೆಸಿಕೊಂಡರು. "ಎಷ್ಟು ಇಳಿಸಿದ್ರಿ?"

"ಕೇಳಿದ್ದು ಒಂದೇ ಸಾರ್. ಅದರ ಜೊತೆ ತೊಂಬತ್ತೊಂಬತ್ತು ಪುಕ್ಕಟೆ ಬಂದ್ಬುಟ್ವು."

"ನೂರು ಗನ್ನಾ!" ದಫೇದಾರರು ಕೂತಲ್ಲಿಂದ ಎದ್ದೇ ಬಿಟ್ಟರು.

"ಗನ್ನು? ಯಾವ ಗನ್ನು ಸಾರ್?"

ಅಷ್ಟರಲ್ಲಿ ಗಾರ್ಡು ಅಡುಗೆಮನೆಗೆ ನುಗ್ಗಿ ಪಾತ್ರೆಯ ಮುಚ್ಚಳ ಎತ್ತಿದ್ದ. "ಸಾರ್! ಇಲ್ಲೈತೆ! ಒಳ್ಳೇ ನಾರುನಾರಾಗಿ ಬೇಯ್ತಾ ಐತೆ ನವಿಲು!"

"ಅದು ಹಲಸಿನಕಾಯಿ ಕಣ್ರೀ!" ಪಂಕಜಾಕ್ಷಿ ಸಿಡಿದಳು. "ಲಿಂಗ ಕಟ್ಕೊಂಡಿರೋ ಮನೆ ಇದು, ಮೊಟ್ಟೇನೂ ಹೊಸ್ತಿಲು ದಾಟಲ್ಲ!"

ಆಗ ನನಗೆ ನಿಧಾನವಾಗಿ ಹೊಳೆಯಿತು. ಹೊಳೆದ ಮೇಲೆ ಮೊದಲಿಗಿಂತ ಹೆಚ್ಚು ಹೆದರಿಕೆಯಾಯಿತು! ಕಳ್ಳ ಕೋವಿ, ನವಿಲು ಬೇಟೆ, ಅದೂ ಎಲೆಕ್ಷನ್ ಹೊತ್ತಿನಲ್ಲಿ! ಮಾವನ ಮುಖ ನೋಡಿದೆ. ಕಾಫಿ ಲೋಟ ಕೆಳಗಿಟ್ಟು ಅವರು ಕೈ ಮುಗಿದು ನಿಂತಿದ್ದರು.

"ಸಾಹೇಬ್ರೆ," ಎಂದರು ಸಣ್ಣ ದನಿಯಲ್ಲಿ, "ನನ್ನ ಕೋವೀಲಿ ಒಂದು ಇಲೀನೂ ಹೊಡೆದಿಲ್ಲ. ಅಪ್ಪನ ಕಾಲದ್ದು. ಮನೇಲಿ ಕೇಸಾದ್ರೆ ಪರವಾನಗಿ ಹೋಯ್ತದೆ. ಈ ವಯಸ್ಸಲ್ಲಿ ಅದನ್ನ ಕಿತ್ಕೋಬೇಡಿ."

ನನ್ನನ್ನು ಬಾಯ್ತುಂಬ ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ನನ್ನ ಬಾಯಿಬಡುಕತನಕ್ಕೆ ಅವರು ಕೈ ಮುಗಿಯುವಂತಾಯಿತಲ್ಲ! ಕಿತ್ತಳೆ ಗನ್ನನ್ನು ಎರಡೂ ಕೈಯಲ್ಲಿ ಹಿಡಿದು ದಫೇದಾರರ ಮುಂದಿಟ್ಟೆ. "ಇದೇ ಸಾರ್ ಗನ್ನು. ನವಿಲು ಟೀವೀಲಿ ಐತೆ. ಐನೂರು ಅಂದ್ರೆ ಅಂಕ. ದೇವರಾಣೆಗೂ ಜೀವ ಇರೋ ಪ್ರಾಣಿ ಒಂದನ್ನೂ ಮುಟ್ಟಿಲ್ಲ!"

ದಫೇದಾರರ ಮೀಸೆ ಸ್ವಲ್ಪ ಸಡಿಲವಾಯಿತು. ಇನ್ನೇನು ನಗಬೇಕು, ಅಷ್ಟರಲ್ಲಿ ಗುಂಪನ್ನು ಸೀಳಿಕೊಂಡು ದೇವೀರಮ್ಮ ಒಳಗೆ ಬಂದರು. ಕೈಯಲ್ಲಿ ಕೋಲಿಲ್ಲ!

"ರವಿಚಂದ್ರಪ್ಪಾ! ನಿನ್ನ ಹೊಟ್ಟೆ ತಣ್ಣಗಿರ್ಲಿ! ನೀ ಕೊಟ್ಟ ನವಿಲೆಣ್ಣೆ ಹಚ್ಚಿದ್ದೇ ತಡ, ಮಂಡಿ ನೋವು ಓಡೋಗ್ಬುಡ್ತು!"

"ಅದು ಕೊಬ್ಬರಿ ಎಣ್ಣೆ ಅಜ್ಜೀ! ಕೊಬ್ಬರಿ ಎಣ್ಣೆ!"

ಅಜ್ಜಿ ನನ್ನನ್ನೊಮ್ಮೆ, ಪೊಲೀಸರನ್ನೊಮ್ಮೆ ನೋಡಿದರು. "ಕೊಬ್ಬರೀದಾ?" ಎಂದು ಮಂಡಿ ಹಿಡಿದುಕೊಂಡು ಅಲ್ಲೇ ಕುಸಿದು ಕೂತರು. "ಅದಕ್ಕೇಯ, ಇನ್ನೂ ನೋಯ್ತಾನೇ ಐತೆ!"

"ಮಾತು ಸಾಕು," ಎಂದರು ದಫೇದಾರರು. "ಟೀವಿ ನವಿಲು ತಾನೇ? ನನ್ನ ಕಣ್ಣೆದುರಿಗೆ ಹೊಡೀರಿ. ಬಿದ್ರೆ ನಂಬ್ತೀನಿ."

ಇದಕ್ಕಾಗಿಯೇ ಅಲ್ಲವೇ ಶಪಥ ಮಾಡಿದ್ದು! ಇಡೀ ಊರು ನೋಡುತ್ತಿತ್ತು. ಬೆವರುಗೈಯಲ್ಲಿ ಗನ್ ಎತ್ತಿದೆ. ಢಂ! ಬಾತುಕೋಳಿ ಹೋಯಿತು. ಢಂ! ಕೊಕ್ಕರೆಯೂ ಹೋಯಿತು. ಮಹೇಶನ ಮಾತು ಈಗ ನೆನಪಾಗಿ ಏನು ಬಂತು? ನವಿಲು ಗರಿ ಬಿಚ್ಚಿಕೊಂಡು ಪರದೆಯ ಈ ತುದಿಯಿಂದ ಆ ತುದಿಗೆ ಮೆರವಣಿಗೆ ಹೋಯಿತು. ಢಂ! ಢಂ! ಢಂ!

"ಇದ್ರಲ್ಲಿ ಏನೂ ಬೀಳಲ್ವಲ್ಲ," ದಫೇದಾರರ ಹುಬ್ಬು ಗಂಟಾಯಿತು. "ಹಂಗಾದ್ರೆ ಬೀಳೋ ಗನ್ನು ಎಲ್ಲಿ ಇಟ್ಟಿದ್ದೀರಿ?"

ಮಾವ ಕಣ್ಣು ಮುಚ್ಚಿಕೊಂಡರು.

"ತನ್ನಿ ಇಲ್ಲಿ," ಎಂದಳು ಪಂಕಜಾಕ್ಷಿ. ಸೆರಗಿಗೆ ಕೈ ಒರೆಸಿ, ಗನ್ನಿನ ವೈರು ಕಿತ್ತೆಸೆದು, ಫೋನು ಕೈಗೆ ತೆಗೆದುಕೊಂಡಳು. ಹೆಬ್ಬೆರಳಾಡಿತು. ಬಾತುಕೋಳಿ ದಬಕ್! ಕೊಕ್ಕರೆ ದಬಕ್! ನವಿಲು ಮತ್ತೆ ಗರಿ ಬಿಚ್ಚಿತೋ ಇಲ್ಲವೋ, ದಬಕ್! ಪರದೆಯ ತುಂಬ ಐನೂರು! ಬಾಗಿಲಲ್ಲಿದ್ದ ಅರ್ಧ ಊರು ಸಿಳ್ಳೆ ಹೊಡೆಯಿತು. ಗಾರ್ಡು ಕೂಡ ಚಪ್ಪಾಳೆ ತಟ್ಟಿದ.

"ನೀನು ಯಾವಾಗ ಕಲಿತ್ಯೇ?"

"ನೀವು ಅಂಗಡಿಗೆ ಹೋದ ಮೇಲೆ ದಿನಾ ನನ್ನ ಫೋನಲ್ಲಿ ಆಡ್ತಿದ್ನಲ್ಲ. ರೋಮ್ ಇಳಿಸೋಕೆ ತಲೇಲಿ ರೋಮ ಇರ್ಬೇಕು ಕಣ್ರೀ."

ದಫೇದಾರರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾವ ಕಾಫಿ ಲೋಟ ಮತ್ತೆ ಕೈಗೆತ್ತಿಕೊಂಡರು. ಅವರು ಮಗಳನ್ನು ಹೊಸದಾಗಿ ನೋಡುವವರಂತೆ ನೋಡಿ, ದಫೇದಾರರ ಕಡೆ ತಿರುಗಿದರು. "ಸಾಹೇಬ್ರೆ, ರಿನ್ಯೂವಲ್ಲಿಗೆ ಹೆಸರು ಕೇಳಿದ್ರಲ್ಲ? ಪಂಕಜಾಕ್ಷಿ ಅಂತ ಬರ್ಕೊಳಿ. ಕೋವಿ ನನ್ನ ಮಗಳಿಗೆ."

"ಆಗ್ಲಿ," ಎಂದ ದಫೇದಾರರು ಕಿತ್ತಳೆ ಗನ್ನನ್ನು ಎತ್ತಿ ಕಂಕುಳಿಗೆ ಸಿಕ್ಕಿಸಿಕೊಂಡರು. "ಕಂಪ್ಲೇಂಟ್ ಬಂದ್ಮೇಲೆ ಬರಿಗೈಲಿ ಹೋಗೋಕಾಗಲ್ಲ. ಎಲೆಕ್ಷನ್ ಮುಗಿಯೋವರ್ಗೂ ಇದೂ ಡಿಪಾಜಿಟ್ ಇರ್ಲಿ."

ಎಲೆಕ್ಷನ್ ಮುಗಿಯಿತು. ಕೋವಿ ಬಿಡಿಸಿಕೊಳ್ಳಲು ಸ್ಟೇಷನ್ನಿನ ಮುಂದೆ ಎಸ್ಟೇಟ್ ಮಾಲೀಕರು, ಗದ್ದೆ ಗೌಡರು, ತೋಟದ ಲೆಕ್ಕ ಬರೆಯುವ ರೈಟರುಗಳು ಸಾಲಾಗಿ ನಿಂತಿದ್ದರು. ಮಾವ ತಮ್ಮ ಕೋವಿ ಪಡೆದು ಒರೆಸಿ, ಮಗಳ ಕೈಗೆ ಕೊಟ್ಟರು. ಅವಳು ಅದನ್ನು ಹೆಗಲಿಗೇರಿಸಿ ಮುಂದೆ ನಡೆದಳು. ನಾನು ಊಟದ ಡಬ್ಬಿಯ ಚೀಲ ಹಿಡಿದು, ಯಾರ ಕಣ್ಣಿಗೂ ಬೀಳದಂತೆ ಗೇಟಿನ ಕಡೆ ಜಾರುತ್ತಿದ್ದೆ.

"ರವಿಚಂದ್ರ ಸಾರ್!" ಒಳಗಿನಿಂದ ದಫೇದಾರರ ಗಂಟಲು! ಇಡೀ ಸಾಲು ತಿರುಗಿ ನೋಡಿತು. ಅವರು ಬಾಗಿಲಿಗೆ ಬಂದು ಕಿತ್ತಳೆ ಗನ್ನನ್ನು ವೈರಿನಲ್ಲಿ ನೇತಾಡಿಸುತ್ತಾ ಹಿಡಿದಿದ್ದರು. ನಾನು ಬೆಚ್ಚಿ ಎರಡು ಹೆಜ್ಜೆ ಹಿಂದೆ ಸರಿದೆ.

"ತಗೊಳಿ ಸಾರ್, ಹೆದರ್ಬೇಡಿ," ಎಂದರು. "ನಾನೇ ನೋಡಿದ್ದೀನಿ. ಲೋಡ್ ಆಗಿಲ್ಲ!"