ಮುದ್ದೆ ತಪ್ಪಲೆಯ ನಿವೃತ್ತಿ

ಈ ಸಲ ಬಂಗಾರಪೇಟೆಯ ಫಲಪುಷ್ಪ ಪ್ರದರ್ಶನದಲ್ಲಿ ಬೋನ್ಸಾಯ್ ವಿಭಾಗದ ಮೊದಲ ಬಹುಮಾನ ತಮ್ಮೂರು ಚಾಂಪಿಯನ್ ರೀಫ್ಸಿಗೇ ಬರತಕ್ಕದ್ದು ಎಂದು ರಾಧಾಮಣಿ ತೀರ್ಮಾನಿಸಿಬಿಟ್ಟಳು. ತೀರ್ಪುಗಾರರಿಗೆ ಇನ್ನೂ ಗೊತ್ತಿರಲಿಲ್ಲ, ಅಷ್ಟೇ.

ಗಿಡದ ಬಗ್ಗೆ ಅವಳಿಗೆ ಅನುಮಾನವೇ ಇರಲಿಲ್ಲ. ಹಳೇ ಗಣಿ ಕ್ವಾರ್ಟರ್ಸಿನ ಹಿತ್ತಿಲ ಗೋಡೆಯ ಬಿರುಕಿನಲ್ಲಿ ಹುಟ್ಟಿ, ಗೋಡೆಯನ್ನೇ ಕೆಡವಲು ಹೊರಟಿದ್ದ ಅರಳಿ ಸಸಿ ಅದು. ಕಿತ್ತು ತಂದು, ಬೇರು ಕತ್ತರಿಸಿ, ಕೊಂಬೆಗೆ ತಂತಿ ಸುತ್ತಿ, ವರ್ಷಗಟ್ಟಲೆ ಸಾಕಿ ಮೊಳದೆತ್ತರದ ಮಹಾವೃಕ್ಷ ಮಾಡಿದ್ದಳು. ಈಗ ಬೇಕಾಗಿದ್ದು ಅದಕ್ಕೊಂದು ಸಿಂಹಾಸನ. ಮಿಕ್ಕವರೆಲ್ಲ ಪಿಂಗಾಣಿ ಕುಂಡ ತರುತ್ತಾರೆ. ತಾನು ಲೋಹದ್ದು ತರಬೇಕು. ಅವಳಪ್ಪ ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. ಹ್ಯಾಕ್ಸಾ, ಅರ, ಡ್ರಿಲ್ಲು ಅವಳ ಕೈಗೆ ಸೌಟಿಗಿಂತ ಮೊದಲೇ ಬಂದಿದ್ದವು.

ಲೋಹ ಎಲ್ಲಿಂದ ತರುವುದು? ಅಡುಗೆಮನೆಯತ್ತ ತಿರುಗಿದಳು. ಅಲ್ಲಿ ಕೂತಿತ್ತು ದಪ್ಪ ತಳದ ಸಿಲ್ವರ್ ತಪ್ಪಲೆ, ಹೊರಗೆ ಮಸಿ, ಒಳಗೆ ಹೊಳಪು. ಮದುವೆಯಾದಂದಿನಿಂದ ದಿನಾ ಸಂಜೆ ಅದನ್ನು ಪಾದಗಳ ನಡುವೆ ಅದುಮಿ ಹಿಡಿದು ಮುದ್ದೆ ತೊಳಸಿದ್ದಾಳೆ. ರಾಬರ್ಟ್‌ಸನ್‌ಪೇಟೆಯ ಬಟ್ಟೆ ಅಂಗಡಿಯಲ್ಲಿ ಬೆಳಗಿನಿಂದ ನಿಂತು ಸೀರೆ ಬಿಡಿಸಿ ತೋರಿಸಿ ಬಂದ ಮೇಲೂ ತೊಳಸಿದ್ದಾಳೆ. ಗಂಡ ಮುನೀಂದ್ರ ಬೆಂಗಳೂರಿನ ಫ್ಯಾಕ್ಟರಿಯಿಂದ ರೈಲಿನಲ್ಲಿ ನಿಂತು ಬಂದರೆ ಆ ಸುದ್ದಿ ಬೀದಿಗೆಲ್ಲ ಗೊತ್ತಾಗುತ್ತಿತ್ತು. ಅವಳು ನಿಂತದ್ದು ಅವಳ ಕಾಲಿಗೆ ಮಾತ್ರ ಗೊತ್ತು.

ತಪ್ಪಲೆ ಹೋದರೆ ಮುದ್ದೆಯ ಚಾಕರಿಯೂ ಹೋಯಿತು. ಹೊಸದು ಬರುವಂತಿಲ್ಲ, ಏಕೆಂದರೆ ಇದು ಆಷಾಢ. ಆಷಾಢದಲ್ಲಿ ಹೊಸ ಚಮಚವೂ ಹೊಸ್ತಿಲು ದಾಟಬಾರದೆಂಬುದು ಅತ್ತೆ ಅಕ್ಕಯ್ಯಮ್ಮನ ಕಾನೂನು. ಶ್ರಾವಣ ಬರುವ ಹೊತ್ತಿಗೆ ಮನೆಗೆಲ್ಲ ಅನ್ನದ ರೂಢಿಯಾಗಿರುತ್ತದೆ. ತನ್ನ ಬುದ್ಧಿಗೆ ತಾನೇ ಬೆರಗಾಗಿ ರಾಧಾಮಣಿ ಹ್ಯಾಕ್ಸಾ ಕೈಗೆತ್ತಿಕೊಂಡಳು.

ಭಾನುವಾರ ಮಧ್ಯಾಹ್ನ ಶಸ್ತ್ರಚಿಕಿತ್ಸೆ ನಡೆಯಿತು. ತಪ್ಪಲೆಯ ಮೇಲ್ಭಾಗ ಕೊಯ್ದು ತೆಗೆದಳು. ಉಳಿದ ಅಗಲವಾದ ತಳದ ಅಂಚನ್ನು ಅರದಿಂದ ಉಜ್ಜಿ ನಯ ಮಾಡಿದಳು. ನೀರು ಬಸಿಯಲು ತೂತು ಕೊರೆಯುತ್ತಿದ್ದಾಗ, ಆ ಸದ್ದಿಗೆ ಮುನೀಂದ್ರ ನಿದ್ದೆಗಣ್ಣಲ್ಲಿ ಎದ್ದು ಬಂದ.

"ಏನೇ ಅದು?"

"ಬೋನ್ಸಾಯ್ ಕುಂಡ."

"ಅದಕ್ ಮುಂಚೆ ಏನಾಗಿತ್ತು?"

"ಮುದ್ದೆ ತಪ್ಪಲೆ."

ಮುನೀಂದ್ರನ ನಿದ್ದೆ ಪೂರ್ತಿ ಇಳಿಯಿತು. "ನಮ್ ಮನೆ ಪಾತ್ರೆ ಕಣೇ ಅದು. ಒಂದ್ ಮಾತು ಕೇಳ್ಬಾರ್ದಾ?"

"ದಿನಾ ತಿಕ್ಕೋವಾಗ ನನ್ನ ಪಾತ್ರೆಯಾಗಿತ್ತು. ತೂತು ಬಿದ್ದ ಮೇಲೆ ನಮ್ ಮನೇದಾಯ್ತಾ?"

ಅಂದು ರಾತ್ರಿ ಅನ್ನ. ಮಾರನೆಯ ದಿನವೂ ಅನ್ನ. ಮೂರನೆಯ ದಿನ ಮುನೀಂದ್ರ ಖಾಲಿ ಹೊಟ್ಟೆಯವನಂತೆ ಮುಖ ಮಾಡಿ, "ಕುಕ್ಕರಲ್ಲಾದ್ರೂ ಮುದ್ದೆ ಮಾಡೇ" ಎಂದ.

"ಕುಕ್ಕರ್ ಅಲ್ಲೇ ಐತೆ. ಹಿಟ್ಟೂ ಅಲ್ಲೇ ಐತೆ. ಮಾಡ್ಕೊಳ್ಳಿ."

ಗಂಡಸಿನ ಮಾನದ ಪ್ರಶ್ನೆ. ಮುನೀಂದ್ರ ಕುಕ್ಕರನ್ನು ಪಾದಗಳ ನಡುವೆ ಇಟ್ಟುಕೊಂಡು ಕೋಲು ಹಾಕಿ ತೊಳಸಿದ. ಕುಕ್ಕರು ಬುಗುರಿಯಂತೆ ತಿರುಗಿತು. ಹಿಡಿ ಲಟಕ್ಕೆಂದು ಮುರಿದು ಒಲೆಯ ಕೆಳಗೆ ಸೇರಿತು. ಅರ್ಧ ಮುದ್ದೆ ನೆಲಕ್ಕೆ, ಅರ್ಧ ಅವನ ಲುಂಗಿಗೆ. ಹೇಗೋ ಉಳಿದ ಒಂದು ತುತ್ತನ್ನು ಅಕ್ಕಯ್ಯಮ್ಮ ಬಾಯಿಗಿಟ್ಟು, ಹಾಗೆಯೇ ಹೊರಗೆ ತೆಗೆದರು.

"ಇದನ್ನ ಗೋಡೆ ಬಿರುಕಿಗೆ ತುಂಬು ಕಣ್ಲಾ. ಇನ್ನೊಂದ್ ಗಿಡ ಉಟ್ಟಲ್ಲ."

ಮುನೀಂದ್ರ ಸೋಲಲಿಲ್ಲ. ಪಕ್ಕದ ಮನೆಯ ಕುಪ್ಪುಸ್ವಾಮಿಯ ಬಿರಿಯಾನಿ ಬೇಯಿಸುವ ಆಳವಾದ ದೇಗಿಸ ಎರವಲು ತಂದ. ಅದರೊಳಗೆ ಮುದ್ದೆ, ಬಾವಿಗೆ ಬಿದ್ದ ನಿಂಬೆಹಣ್ಣಿನಂತೆ ತಳದಲ್ಲೆಲ್ಲೋ ಉರುಳಾಡಿ, ಸೀದು, ದೇಗಿಸಕ್ಕೇ ಅಂಟಿಕೊಂಡಿತು. ಅವನು ಅದನ್ನು ಒಂದಿಷ್ಟು ತೊಳೆದು ಹಿಂದಿರುಗಿಸಿದ. ಎರಡು ದಿನ ಬಿಟ್ಟು ಕುಪ್ಪುಸ್ವಾಮಿ ಬಾಗಿಲಿಗೆ ಬಂದ.

"ಅಕ್ಕಾ, ನೇತ್ತು, ನಿನ್ನೆ, ನಮ್ ಮನೇಲಿ ಬಿರಿಯಾನಿ. ತಿಂದ ನೆಂಟ್ರೆಲ್ಲ ಸೊಪ್ಪಿನ ಸಾರು ಎಲ್ಲಿ ಅಂತ ಕೇಳ್ತಾವ್ರೆ."

ರಾಧಾಮಣಿ ಅಲುಗಲಿಲ್ಲ. ಅರಳಿಯನ್ನು ಹೊಸ ಸಿಂಹಾಸನಕ್ಕೆ ಏರಿಸಿ, ಬೇರಿನ ಸುತ್ತ ಪಾಚಿ ಹೊದಿಸಿ, ಬಿಸಿಲಿಗೆ ಲೋಹ ಕಾಯದಂತೆ ಒದ್ದೆ ಗೋಣಿ ಸುತ್ತಿಟ್ಟಳು. ಸಂಜೆ ಕಾಲು ಚಾಚಿ ಕೂತು ಅದನ್ನೇ ನೋಡುತ್ತಿದ್ದಳು. ಆ ಮನೆಯಲ್ಲಿ ಸಂಜೆ ಎಂಬುದೊಂದು ಇದೆಯೆಂದು ಅವಳಿಗೆ ಗೊತ್ತಾದದ್ದೇ ಆಗ.

ಪ್ರದರ್ಶನದ ದಿನ ಕುಂಡ ಹೊರಲು ಮುನೀಂದ್ರನನ್ನೂ ಕರೆದೊಯ್ದಳು. ತೀರ್ಪುಗಾರರು ಕನ್ನಡಕ ಸರಿಮಾಡಿಕೊಂಡು ಕುಂಡದ ಮೇಲೆ ಬೆರಳಾಡಿಸಿದರು.

"ಈ ತಗ್ಗುಗಳು ಎಷ್ಟು ಸಹಜವಾಗಿವೆ. ಎಲ್ಲಿಂದ ತರಿಸಿದ್ದು ಮೇಡಂ, ಜಪಾನಾ?"

"ಚಾಂಪಿಯನ್ ರೀಫ್ಸ್. ಇಷ್ಟು ತಗ್ಗು ಬೀಳಿಸೋಕೆ ನನಗೆ ಅರ್ಧ ಆಯಸ್ಸು ಹಿಡೀತು."

ಮೊದಲ ಬಹುಮಾನ ಅವಳಿಗೇ ಬಂತು. ಗೆದ್ದವರು ಗಂಡಸರಾದರೆ ಕೈಗಡಿಯಾರ. ಮಹಿಳೆಯರಿಗೆ ಏನಾದರೂ ಉಪಯೋಗಕ್ಕೆ ಬರುವಂಥದ್ದು ಇರಲಿ ಎಂದು ಸಂಘಟಕರು ಯೋಚಿಸಿದ್ದರು. ಬಂಗಾರದ ಬಣ್ಣದ ಕಾಗದ ಸುತ್ತಿದ ಗುಂಡನೆಯ ವಸ್ತುವನ್ನು ಇಬ್ಬರು ಹೊತ್ತು ತಂದರು. ರಾಧಾಮಣಿ ವೇದಿಕೆಯ ಮೇಲೇ ಕಾಗದ ಬಿಡಿಸಿದಳು.

ದಪ್ಪ ತಳದ ಸಿಲ್ವರ್ ತಪ್ಪಲೆ. ಹಳೆಯದಕ್ಕಿಂತ ದೊಡ್ಡದು. ಒಳಗೆ ಮುದ್ದೆ ಕೋಲು ಉಚಿತ.

ಸಭೆಯಲ್ಲಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಮುನೀಂದ್ರ. ವಾಪಸು ರೈಲಿನಲ್ಲಿ ಸಿಕ್ಕಿದ್ದು ಒಂದೇ ಸೀಟು. ಅವನು ತಪ್ಪಲೆಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಕೂತ. ಅರಳಿಯನ್ನು ಅಪ್ಪಿಕೊಂಡು ನಿಂತ ರಾಧಾಮಣಿ ಮಾತ್ರ ನಗುತ್ತಲೇ ಇದ್ದಳು.

"ತಬ್ಕೊಳ್ಳಿ ತಬ್ಕೊಳ್ಳಿ. ಆಷಾಢ ಇದು. ಅತ್ತೆ ಒಳಕ್ ಬಿಡಲ್ಲ."

ಮುನೀಂದ್ರನ ಮುಖ ಬಾಡಿತು. ಮನೆ ಬಾಗಿಲಿಗೆ ಬಂದವಳೇ ರಾಧಾಮಣಿ ಕೂಗಿ ಹೇಳಿದಳು: "ಅತ್ತೆ, ನಿಮ್ಮ ಮಗ ಆಷಾಢದಾಗೆ ಹೊಸಾ ತಪ್ಪಲೆ ತಂದವ್ರೆ. ಏನ್ ಯೋಳ್ತೀರೋ ಯೋಳಿ."

ಅಕ್ಕಯ್ಯಮ್ಮ ಹೊರಗೆ ಬಂದು ಬೆರಳ ಗೆಣ್ಣಿನಿಂದ ತಪ್ಪಲೆಯನ್ನು ಬಡಿದು ನೋಡಿದರು.

"ಕೊಂಡು ತಂದಿದ್ದಾ?"

"ಇಲ್ಲ, ನನಗೆ ಬಹುಮಾನ ಬಂದಿದ್ದು."

"ಕಾಸು ಕೊಟ್ಟು ಕೊಂಡ್ರೆ ತಾನೇ ಆಷಾಢ? ಗೆದ್ದು ತಂದಿದ್ದಕ್ಕೆ ಯಾವ ಮಾಸ ಕಣಮ್ಮಾ? ಒಳಕ್ ತಾ."

ರಾಧಾಮಣಿ ಅರಳಿಯನ್ನು ಜಗಲಿಯ ಮೇಲಿಟ್ಟಳು. "ಅಂಗಾದ್ರೆ ನಿಮ್ಮ ಮಗನೇ ತೊಳಸಲಿ."

"ಎಲ್ಲಾದ್ರೂ ಉಂಟಾ? ಗೆದ್ದೋಳು ನೀನು. ಮೊದಲ್ನೇ ಮುದ್ದೆ ಗೆದ್ದೋಳ ಕೈಯಾಗೇ ಆಗ್ಬೇಕು."

ಮುನೀಂದ್ರ ತಡಮಾಡಲಿಲ್ಲ. ಸನ್ಮಾನ ಮಾಡುವವನ ಹಾಗೆ ತಲೆ ಬಗ್ಗಿಸಿ, ಎರಡೂ ಕೈಯಲ್ಲಿ ಮುದ್ದೆ ಕೋಲು ಹಿಡಿದು ಅವಳ ಮುಂದೆ ನಿಂತ.