ಹನ್ನೆರಡು ಯಂತ್ರಗಳ ಹಾಜರಿ

ಬನ್ನಿ, ಆ ಮಣೆ ಎಳ್ಕೊಂಡು ಕೂತ್ಕೊಳ್ಳಿ. ಮೊಬೈಲು ಒಂದು ಬದಿಗೆ ಇಡಿ. ನಡುವೆ ಎದ್ದು ಹೋದ್ರೆ ಕೊನೆಯದ್ದು ತಪ್ಪಿ ಹೋಗ್ತದೆ. ಮತ್ತೆ ಬಂದು "ಅಜ್ಜಿ, ಮೊದಲಿಂದ ಹೇಳಿ" ಅಂದ್ರೆ ನಾನು ಹೇಳುವವಳಲ್ಲ.

ಮಂಗಳೂರಿನ ಕೊಡಿಯಾಲ್‌ಬೈಲಿನ ಒಂದು ಕಾಲೇಜಿನಲ್ಲಿ ಇಪ್ಪತ್ತು ವರ್ಷ ಗುಡಿಸಿ ಒರೆಸಿದವಳು ನಾನು. ಅಲ್ಲಿ ಮೂರನೇ ಮಾಳಿಗೆಯಲ್ಲಿ ಒಂದು ತಣ್ಣಗಿನ ಕೋಣೆ. ಬೇರೆ ಕೋಣೆಗಳಲ್ಲಿ ವರ್ಷಕ್ಕೊಮ್ಮೆ ಆಗುವಂಥ ಎಡವಟ್ಟು ಆ ಕೋಣೆಯಲ್ಲಿ ತಿಂಗಳಿಗೊಮ್ಮೆ ಆಗ್ತಿತ್ತು. ಯಾಕೆ ಅಂತ ಕೇಳಿದ್ರೆ ನನಗೂ ಗೊತ್ತಿಲ್ಲ. ಗೊತ್ತಿದ್ರೂ ನಾನೇ ಕಾರಣ ಅಂತ ಆಗ್ತದೆ, ಹಾಗಾಗಿ ಬಿಡಿ.

ಕೋಣೆಯ ನಡುವೆ ಒಂದು ಕಬ್ಬಿಣದ ಕಪಾಟು. ಅದರಲ್ಲಿ ಹನ್ನೆರಡು ಯಂತ್ರ, ಒಂದರ ಮೇಲೊಂದು. ಹನ್ನೆರಡೂ ಸೇರಿ ಮಾಡುವುದು ಒಂದೇ ಲೆಕ್ಕ. ಮದುವೆ ಮನೆಯಲ್ಲಿ ತೆಂಗಿನಕಾಯಿ ತುರಿಯಲಿಕ್ಕೆ ಹನ್ನೆರಡು ಜನ ಕೂರುವುದಿಲ್ಲವಾ, ಹಾಗೆ. ಕೆಲಸ ಒಂದು, ಕೈ ಬೇರೆ ಬೇರೆ. ಇದಕ್ಕೆ ಕ್ಲಸ್ಟರ್ ಅಂತ ಹೆಸರು.

ಅದನ್ನು ನೋಡಿಕೊಳ್ಳುವವರು ಒಬ್ಬರು ಭಟ್ರು, ವಾಮಂಜೂರಿನವರು. ಬೆಳಿಗ್ಗೆ ದೇವಸ್ಥಾನದ ಪೂಜೆ ಮುಗಿಸಿ, ಬಸ್ಸು ಹಿಡಿದು ಬಂದು ಈ ಯಂತ್ರಗಳ ಮುಂದೆ ಕೂರುವುದು. ಕಪ್ಪು ಪರದೆಯಲ್ಲಿ ಒಂದೇ ಒಂದು ಸಾಲು ಕುಟ್ಟಿ ಎಂಟರ್ ಹೊಡೆದ್ರೆ ಸಾಕು, ಹನ್ನೆರಡೂ ಯಂತ್ರ ಸಾಲಾಗಿ ತಮ್ಮ ಹೊಟ್ಟೆಯೊಳಗೆ ಎಂತೆಂತ ಉಂಟು ಅಂತ ಹೇಳ್ತವೆ. ಡಿಸ್ಕ್ ಎಷ್ಟು, ಒಳಗೆ ಸಿಕ್ಕಿಸಿಟ್ಟ ಮೆಮೊರಿ ಪಟ್ಟಿ ಎಷ್ಟು, ಫ್ಯಾನು ತಿರುಗ್ತದಾ, ಮೈ ಬಿಸಿ ಉಂಟಾ, ಎಲ್ಲ. ಭಟ್ರು ಇದಕ್ಕೆ 'ಹಾಜರಿ' ಅಂತ ಹೇಳ್ತಿದ್ರು.

ಆ ಪಾಪದ ಮನುಷ್ಯ ಹನ್ನೊಂದು ವರ್ಷದಿಂದ ವರ್ಷ ವರ್ಷದ ತಾತ್ಕಾಲಿಕ ಆರ್ಡರಿನಲ್ಲೇ ಇದ್ದವರು. ಈ ಸಲ ಕಾಯಂ ಮಾಡ್ತೇವೆ ಅಂತ ಪ್ರಿನ್ಸಿಪಾಲರು ಮಾತು ಕೊಟ್ಟಿದ್ರು. ಒಂದೇ ಷರತ್ತು, ಫೈಲಿನಲ್ಲಿ ದೂರು ಇರಬಾರದು. ಭಟ್ರಿಗೆ ದೂರು ಬರುವಂಥ ಕೆಲಸ ಮಾಡ್ಲಿಕ್ಕೆ ಗೊತ್ತೇ ಇಲ್ಲ. ಅದನ್ನೆಲ್ಲ ನಾನು ಮಾಡಿ ಕೊಟ್ಟೆ.

೧. ಮೊಣಕಾಲು

ಮೊದಮೊದಲು ನನಗೆ ನಂಬಿಕೆಯೇ ಇರ್ಲಿಲ್ಲ. "ಭಟ್ರೇ, ಒಳಗೆ ಎಂತ ಉಂಟು ನೋಡ್ಲಿಕ್ಕೆ ಮುಚ್ಚಳ ತೆಗೆಯಬೇಕಲ್ಲ? ಹೊರಗೆ ಕೂತು ಕೇಳಿದ್ರೆ ಅದು ಹೇಳ್ತದಾ?"

"ಹೇಳ್ತದೆ ಅಮ್ಮ. ನೋಡಿ, ಆರನೆಯದರ ಒಂದು ಫ್ಯಾನು ನಿಧಾನ ಆಗಿದೆ ಅಂತ ಹೇಳ್ತಾ ಉಂಟು."

ನಾನು ಕಪಾಟಿನ ಹಿಂದೆ ಹೋಗಿ ಭಟ್ರು ತೋರಿಸಿದ ಆರನೆಯದಕ್ಕೆ ಕೈ ಹಿಡಿದೆ. ಹೌದು ಮಾರಾಯ್ರೇ! ಎಡಬದಿಯ ಗಾಳಿ ಜೋರು, ಬಲಬದಿಯದ್ದು ಮುದುಕರ ಉಸಿರಿನ ಹಾಗೆ. ಅಂದಿನಿಂದ ಆ ಕಪ್ಪು ಪರದೆ ಹೇಳಿದ್ದೇ ನನಗೆ ಸತ್ಯ.

ಅದೇ ತಿಂಗಳು ನನ್ನ ಮೊಣಕಾಲು ಹಿಡಿಯಿತು. ಡಾಕ್ಟ್ರು ಒತ್ತಿ ನೋಡಿದ್ರು, ಮಡಚಿ ನೋಡಿದ್ರು, ಫೋಟೋ ತೆಗೆಸಿದ್ರು, ರಕ್ತ ತೆಗೆಸಿದ್ರು. ಮೂರನೇ ದಿನ ನನಗೆ ತಡೆಯಲಿಕ್ಕೆ ಆಗ್ಲಿಲ್ಲ.

"ಡಾಕ್ಟ್ರೇ, ನಮ್ಮ ಭಟ್ರು ಒಂದು ಸಾಲು ಕುಟ್ಟಿದ್ರೆ ಹನ್ನೆರಡು ಹೊಟ್ಟೆಯ ಒಳಗಿದ್ದದ್ದು ಎರಡು ನಿಮಿಷದಲ್ಲಿ ಹೊರಗೆ ಬರ್ತದೆ. ನೀವು ಒಂದು ಮೊಣಕಾಲಿಗೆ ಮೂರು ದಿನ ಮಾಡಿದ್ರಿ."

ಡಾಕ್ಟ್ರು ನರ್ಸಮ್ಮನಿಗೆ ಹೇಳಿದ್ರು, "ಇವರ ತಲೆಯದ್ದೂ ಒಂದು ಫೋಟೋ ತೆಗೆಸಿ."

೨. ಮಳೆಗಾಲದ ಜ್ವರ

ಆ ವರ್ಷ ಮಳೆ ಬೇಗ ಹಿಡಿಯಿತು. ಹಲಸಿನ ಹಪ್ಪಳ ತಟ್ಟಿ ಇಟ್ಟದ್ದು ಅರ್ಧ ಒಣಗಿದೆ, ಅರ್ಧ ಹಸಿ. ಇಡೀ ಮಂಗಳೂರಿನಲ್ಲಿ ಒಂದು ಒಣ ಜಾಗ ಇಲ್ಲ. ಗೋಡೆ ಕೂಡ ಬೆವರುವ ಸಮಯ.

ಒಣ ಜಾಗ ಎಲ್ಲಿ ಉಂಟು ಅಂತ ನನಗೆ ಗೊತ್ತಿತ್ತು. ಆ ಕೋಣೆಯ ಮುಂದೆ ಎಷ್ಟು ತಂಪೋ, ಕಪಾಟಿನ ಹಿಂದೆ ಅಷ್ಟೇ ಬಿಸಿ. ಯಂತ್ರಗಳೆಲ್ಲ ಬಿಸಿ ಗಾಳಿ ಬಿಡುವುದು ಆ ಬದಿಗೆ. ಬಚ್ಚಲೊಲೆಯ ಮುಂದೆ ಕೂತ ಹಾಗೆ ಆಗ್ತದೆ. ನಾನು ಮನೆಯಿಂದ ಬಿದಿರಿನ ಗೆರಸೆಯಲ್ಲಿ ಹಪ್ಪಳ ತಂದು, ಮೇಲೆ ಒಂದು ಬೈರಾಸು ಬಟ್ಟೆ ಕಟ್ಟಿ, ಕೆಳಗಿನ ಮೂರು ಯಂತ್ರಗಳ ಬೆನ್ನಿಗೆ ಒರಗಿಸಿ ಇಟ್ಟೆ. ಎರಡು ಗಂಟೆಯಲ್ಲಿ ಗರಿಗರಿ!

ಇತ್ತ ಭಟ್ರು ಹಾಜರಿ ಕರೆದ್ರೆ ಕೆಳಗಿನ ಮೂರಕ್ಕೆ ಜ್ವರ. ಏಸಿ ಇಳಿಸಿದ್ರು, ಜ್ವರ ಇಳಿಯಲಿಲ್ಲ. ಇನ್ನೂ ಇಳಿಸಿದ್ರು. ಭಟ್ರು ಶಾಲು ಹೊದ್ದು ಕೂತ್ರು. ನಮ್ಮ ವಿಭಾಗದ ಮೇಡಂ, ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಬಾಯಮ್ಮ, ಬಹಳ ಒಳ್ಳೆಯವರು, ಅವರಿಗೆ ಸೀನು ಹಿಡಿಯಿತು. ಭಟ್ರು ಒಂದು ವಾರ ಪುಸ್ತಕದಲ್ಲಿ ಬರೆದು ಬರೆದು ಕೊನೆಗೆ ಮೇಡಂಗೆ ಹೇಳಿದ್ರು, "ವಿಚಿತ್ರ ಮೇಡಂ. ಮಳೆ ಬಂದ್ರೆ ಜ್ವರ. ಬಿಸಿಲು ಬಂದ್ರೆ ಇಲ್ಲ."

ಕಂಪನಿಯವರನ್ನು ಕರೆಸಿದ್ರು. ಬಂದ ಮನುಷ್ಯ ಟಾರ್ಚು ಹಿಡಿದು ಕಪಾಟಿನ ಹಿಂದೆ ನುಗ್ಗಿದ. ಹೊರಗೆ ಬರುವಾಗ ಒಂದು ಕೈಯಲ್ಲಿ ಟಾರ್ಚು, ಇನ್ನೊಂದು ಕೈಯಲ್ಲಿ ಗೆರಸೆ. ಸರಿಯಾಗಿ ಆಗಲೇ ನಾನು ಬಕೆಟು ಹಿಡಿದು ಒಳಗೆ ಬರಬೇಕಾ! ಭಟ್ರು ನನ್ನನ್ನು ನೋಡಿದ್ರು. ನಾನು ನೆಲ ನೋಡಿದೆ. "ಇವತ್ತಿಗೆ ಮುಗೀತಿತ್ತು ಭಟ್ರೇ" ಅಂದೆ.

ಭಟ್ರು ಬೈಯಲಿಲ್ಲ. ಆದ್ರೆ ಕಂಪನಿಯ ವರದಿ ಆಫೀಸಿಗೆ ಹೋಯಿತು, ಅವರ ಫೈಲಿನಲ್ಲಿ ಒಂದನೇ ದೂರು ಕೂತಿತು. ಆ ಕಂಪನಿಯ ಮನುಷ್ಯ ಮಾತ್ರ ಹೋಗುವಾಗ ಮೆಟ್ಟಿಲ ಹತ್ತಿರ ನಿಂತು ಮೆಲ್ಲ ಕೇಳಿದ, "ಅಮ್ಮ, ಮಾರ್ಲಿಕ್ಕೆ ಉಂಟಾ?"

೩. ಹನ್ನೊಂದೇ

ಒಂದು ದಿನ ಹಾಜರಿ ಕರೆದ್ರೆ ಹನ್ನೊಂದೇ ಉತ್ತರ. ಒಂದು ಯಂತ್ರ ಮಾತೇ ಆಡುವುದಿಲ್ಲ. ಭಟ್ರು ಮತ್ತೆ ಕರೆದ್ರು, ಬೇರೆ ಬೇರೆ ರೀತಿಯಲ್ಲಿ ಕರೆದ್ರು. ಅದು ಕೋಪ ಮಾಡ್ಕೊಂಡ ಹೆಂಗಸಿನ ಹಾಗೆ ಸುಮ್ಮನೆ ಕೂತಿತ್ತು. ಪ್ರೊಫೆಸರ್ ಒಬ್ಬರ ದೊಡ್ಡ ಲೆಕ್ಕ ಅರ್ಧಕ್ಕೆ ನಿಂತಿತು. ಅವರು ಕುಣಿದದ್ದೇ ಕುಣಿದದ್ದು. ಎರಡನೇ ದೂರು.

ಪ್ರಿನ್ಸಿಪಾಲರು ಕರೆದು ಹೇಳಿದ್ರು, "ಭಟ್ರೇ, ಇನ್ನೊಂದು ಬಂದ್ರೆ ಕಾಯಂ ಬಿಡಿ, ಈಗ ಇದ್ದದ್ದೂ ಉಳಿಯುವುದು ಕಷ್ಟ."

ಭಟ್ರು ಆ ಸಂಜೆ ದೇವರಿಗೆ ಹಣ್ಣುಕಾಯಿ ಹರಕೆ ಹೇಳ್ಕೊಂಡ್ರು. ಮೇಡಂ ಬಿಕರ್ನಕಟ್ಟೆಗೆ ಹೋಗಿ ಬಾಲಯೇಸುವಿನ ಮುಂದೆ ಮೇಣದ ಬತ್ತಿ ಹಚ್ಚಿ ಬಂದ್ರು. ಮರುದಿನ ಬೆಳಿಗ್ಗೆ ನಾನು ಬಗ್ಗಿ ಒರೆಸುವಾಗ ನೋಡ್ತೇನೆ, ಒಂದು ನೀಲಿ ವಯರಿನ ತುದಿ ನೆಲದಲ್ಲಿ ಬಿದ್ದಿದೆ. ಮುನ್ನಾ ದಿನ ನನ್ನ ಒರೆಸುವ ಕೋಲಿಗೆ ಎಂತದೋ ಸಿಕ್ಕಿದ ಹಾಗೆ ಆಗಿತ್ತು, ನಾನು ಎಳೆದಿದ್ದೆ. ಪಕ್ಕದ ವಯರುಗಳ ಹಾಗೇ ಇದನ್ನೂ ತೂತಿಗೆ ಒತ್ತಿದೆ. ಟಕ್ ಅಂತ ಕೂತಿತು.

ಒಂಬತ್ತು ಗಂಟೆಗೆ ಹನ್ನೆರಡೂ ಹಾಜರ್!

"ನೋಡಿದ್ರಾ ಭಟ್ರೇ, ಮೇಣದ ಬತ್ತಿ" ಅಂದ್ರು ಮೇಡಂ.

"ಹಣ್ಣುಕಾಯಿ ಕೂಡ ಉಂಟಲ್ಲ ಮೇಡಂ" ಅಂದ್ರು ಭಟ್ರು.

ಮರುದಿನ ಭಟ್ರು ಪ್ರಸಾದದ ಬಾಳೆಹಣ್ಣು ಕೊಟ್ರು, ಮೇಡಂ ಖುಷಿಗೆ ಕೇಕು ತಂದು ಕೊಟ್ರು. ಇಬ್ಬರೂ ಅಷ್ಟು ಭಕ್ತಿಯಿಂದ ಇರುವಾಗ ನಾನು ಎಂತ ಹೇಳ್ಲಿ? ಎರಡೂ ತಿಂದೆ.

೪. ಮೇಜಿನ ಮೇಲೆ ಮೂರನೆಯದು

ಇನ್ನು ಇದು ದೊಡ್ಡದು. ಸರಿಯಾಗಿ ಕೂತ್ಕೊಳ್ಳಿ.

ಆಯುಧ ಪೂಜೆಗೆ ಭಟ್ರು ಯಂತ್ರಗಳಿಗೂ ಪೂಜೆ ಮಾಡುವುದು ಪದ್ಧತಿ. ಹಿಂದಿನ ದಿನ ಕಪಾಟು ಒರೆಸುವುದು ನನ್ನ ಕೆಲಸ. ಪ್ರತಿ ಯಂತ್ರದ ಮೂತಿಗೆ ಭಟ್ರು ಒಂದು ನಂಬ್ರದ ಚೀಟಿ ಅಂಟಿಸಿ ಇಟ್ಟಿದ್ರು. ಹೋದ ವರ್ಷದ ಕುಂಕುಮ, ಗಂಧ, ಧೂಳು ಎಲ್ಲ ಸೇರಿ ಚೀಟಿಗಳು ಗಲೀಜು ಆಗಿದ್ದವು. ನಾನು ತೆಂಗಿನೆಣ್ಣೆ ಹಾಕಿ ಚೆಂದಕ್ಕೆ ಉಜ್ಜಿದೆ. ಕುಂಕುಮ ಹೋಯಿತು. ಚೀಟಿಯೂ ಕೈಗೆ ಬಂತು. ಒಂದಲ್ಲ, ಹನ್ನೆರಡೂ.

ನಾನು ಶಾಲೆಗೆ ಹೋದವಳಲ್ಲ, ಆದ್ರೆ ಬಸ್ಸಿನ ನಂಬ್ರ ಓದಿ ಓದಿ ಅಂಕೆ ಬರ್ತದೆ. ಚೀಟಿಗಳನ್ನು ಒರೆಸಿ, ಆಫೀಸಿನಿಂದ ಗಮ್ಮು ತಂದು, ಒಂದರಿಂದ ಹನ್ನೆರಡು ನೀಟಾಗಿ ಅಂಟಿಸಿದೆ. ಪೂಜೆ ಆಯಿತು. ಕಪಾಟು ಎಷ್ಟು ಹೊಳೀತಾ ಉಂಟು ಅಂತ ಎಲ್ಲರೂ ಹೊಗಳಿದ್ರು.

ಮುಂದಿನ ವಾರ ಆಡಳಿತ ಮಂಡಳಿಯಿಂದ ಒಬ್ಬರು ತಪಾಸಣೆಗೆ ಬಂದ್ರು. ಸಾಮಾನು ಎಲ್ಲ ಇದ್ದಲ್ಲೇ ಉಂಟಾ ಅಂತ ನೋಡುವವರು. ನಗು ಅಂದ್ರೆ ಎಂತ ಅಂತ ಗೊತ್ತಿಲ್ಲದ ಮುಖ. ಭಟ್ರು ಹಾಜರಿ ಕರೆದ್ರು. ಹನ್ನೆರಡೂ ತಮ್ಮ ಹೊಟ್ಟೆ ಬಿಚ್ಚಿ ಹೇಳಿದವು. ತಪಾಸಣೆಯವರು ತಮ್ಮ ಕಾಗದ ನೋಡಿ, "ಮೂರನೆಯದರಲ್ಲಿ ಎಂಟು ಮೆಮೊರಿ ಪಟ್ಟಿ. ಸರಿ. ಪರದೆಯಲ್ಲಿ ಯಾರು ಬೇಕಾದ್ರೂ ಬರೆಯಬಹುದು. ಅದನ್ನು ಬಿಚ್ಚಿ ತೋರಿಸಿ" ಅಂದ್ರು.

ಭಟ್ರು ಮೂರು ಅಂತ ಚೀಟಿ ಇದ್ದ ಯಂತ್ರವನ್ನು ಗುಂಡಿ ಒತ್ತಿ ಆಫ್ ಮಾಡಿ, ವಯರು ಕಳಚಿ, ಎಳೆದು ಮೇಜಿನ ಮೇಲೆ ಇಟ್ರು. ಮುಚ್ಚಳ ತೆಗೆದ್ರು. ಒಳಗೆ ನಾಲ್ಕೇ ಪಟ್ಟಿ.

"ಉಳಿದ ನಾಲ್ಕು ಎಲ್ಲಿ ಭಟ್ರೇ?"

ಭಟ್ರು ಬಗ್ಗಿ ಮತ್ತೆ ಎಣಿಸಿದ್ರು. ಆ ಕೋಣೆಯ ಜವಾಬ್ದಾರಿ ಇರುವುದು ಅವರ ಮೇಲೆ ಮಾತ್ರ. ಮೂರನೇ ದೂರು ಅಲ್ಲ ಇದು, ಕಳ್ಳ ಅಂತ ಹೆಸರು. ದೇವಸ್ಥಾನದಲ್ಲಿ ಪೂಜೆ ಮಾಡುವ ಕೈ. ನಾನು ಚಾ ತಂದವಳು ತಟ್ಟೆ ಹಿಡಿದು ಅಲ್ಲೇ ನಿಂತೆ.

"ಇನ್ನೊಮ್ಮೆ ಹಾಜರಿ ಕರೀರಿ" ಅಂದ್ರು ತಪಾಸಣೆಯವರು.

ಭಟ್ರು ಕುಟ್ಟಿದ್ರು. ಒಂದು ಹಾಜರ್. ಎರಡು ಹಾಜರ್. ಮೂರು ಹಾಜರ್, ಎಂಟು ಪಟ್ಟಿ ಉಂಟು, ಆರೋಗ್ಯ ಚೆಂದ ಉಂಟು.

ಎಲ್ಲರೂ ಮೇಜಿನ ಮೇಲೆ ನೋಡಿದ್ರು. ಮೂರನೆಯದು ಹೊಟ್ಟೆ ಬಿಚ್ಚಿ, ಒಂದು ವಯರೂ ಇಲ್ಲದೆ ಮಲಗಿದೆ. ಮೇಡಂ ಮೆಲ್ಲ ಶಿಲುಬೆಯ ಗುರುತು ಹಾಕ್ಕೊಂಡ್ರು.

"ಸತ್ತದ್ದು ಮಾತಾಡ್ತಾ ಉಂಟು" ಅಂದ್ರು ತಪಾಸಣೆಯವರು. "ಅಂದ್ರೆ ಈ ಹಾಜರಿ ಮೊದಲೇ ಬರೆದು ಇಟ್ಟದ್ದು. ಅಲ್ಲವಾ?"

"ಇಲ್ಲ ಸಾರ್! ದೇವರಾಣೆ ಇಲ್ಲ!"

ಆಗ ಮೇಡಂಗೆ ಹೊಳೆಯಿತು. "ಭಟ್ರೇ, ದೀಪ! ದೀಪದ ಕಮಾಂಡ್ ಕೊಡಿ!"

ಅದೆಂತ ಅಂದ್ರೆ, ಪ್ರತಿ ಯಂತ್ರಕ್ಕೆ ಒಂದು ಪುಟ್ಟ ನೀಲಿ ದೀಪ ಉಂಟು. ಕೂತಲ್ಲಿಂದಲೇ ಕುಟ್ಟಿ ಇಂಥ ನಂಬ್ರದ್ದು ಎಲ್ಲಿದ್ದೀ ಅಂತ ಕೇಳಿದ್ರೆ, ಅದು ದೀಪ ಮಿನುಗಿಸಿ ಇಲ್ಲಿದ್ದೇನೆ ಅಂತ ತೋರಿಸ್ತದೆ. ಭಟ್ರು ಮೂರನೆಯದನ್ನು ಕೇಳಿದ್ರು. ಮೇಜಿನ ಮೇಲಿದ್ದದ್ದು ಕಪ್ಪಗೆ ಬಿದ್ದಿತ್ತು. ಕಪಾಟಿನಲ್ಲಿ ಕೆಳಗಿನ ಬದಿ, ಹತ್ತು ಅಂತ ಚೀಟಿ ಇದ್ದದ್ದು, ಮಿಣಿ ಮಿಣಿ ಅಂತ ಕಣ್ಣು ಹೊಡೆಯಿತು.

ನಾನು ಚಾ ತಟ್ಟೆ ಕೆಳಗಿಟ್ಟೆ. "ಸಾರ್, ಭಟ್ರು ಎಂತ ಮಾಡ್ಲಿಲ್ಲ. ಎಣ್ಣೆ ಹಾಕಿದ್ದು ನಾನು. ಚೀಟಿ ಅಂಟಿಸಿದ್ದು ನಾನು. ಬಯ್ಯುವುದಿದ್ರೆ ನನಗೆ ಬಯ್ಯಿರಿ."

ತಪಾಸಣೆಯವರು ಕನ್ನಡಕ ತೆಗೆದ್ರು. "ಹೇಗೆ ಅಂಟಿಸಿದ್ದು?"

"ಒಂದರಿಂದ ಹನ್ನೆರಡು. ಮೇಲಿಂದ ಕೆಳಗೆ."

ಭಟ್ರು ಎರಡೂ ಕೈಯಲ್ಲಿ ತಲೆ ಹಿಡ್ಕೊಂಡ್ರು. "ಅಯ್ಯೋ ದೇವೆರೇ! ಅದು ಕೆಳಗಿಂದ ಮೇಲೆ ಅಮ್ಮ! ಯಂತ್ರಕ್ಕೆ ತನ್ನ ನಂಬ್ರ ಒಳಗೇ ಗೊತ್ತುಂಟು. ಚೀಟಿ ನಮಗೆ ಮಾತ್ರ. ನಾವು ಬಿಚ್ಚಿದ್ದು ಹತ್ತನೆಯದನ್ನು. ಅದರಲ್ಲಿ ಇರಬೇಕಾದದ್ದೇ ನಾಲ್ಕು!"

ತಪಾಸಣೆಯವರು ಮೊದಲು ಭಟ್ರ ಕಡೆ ತಿರುಗಿದ್ರು. "ಕೆಳಗಿಂದ ಯಾಕೆ ಎಣಿಸುವುದು?"

"ಈ ಕಪಾಟುಗಳಲ್ಲಿ ಎಲ್ಲ ಕಡೆ ಹಾಗೇ ಸಾರ್."

ಮತ್ತೆ ನನ್ನ ಕಡೆ. "ನೀವು ಮೇಲಿಂದ ಯಾಕೆ?"

"ನಾನು ಗುಡಿಸುವವಳು ಸಾರ್. ಕಸ ಬೀಳುವುದು ಮೇಲಿಂದ ಕೆಳಗೆ. ನಾವು ಎಲ್ಲವನ್ನೂ ಮೇಲಿಂದಲೇ ಶುರು ಮಾಡುವುದು."

ಅವರು ಕನ್ನಡಕ ಮತ್ತೆ ಹಾಕಿ, "ನೀವು ಹೇಳುವುದರಲ್ಲಿಯೇ ಅರ್ಥ ಉಂಟು" ಅಂದ್ರು.

ಹತ್ತನೆಯದನ್ನು ಮುಚ್ಚಿ ಕಪಾಟಿಗೆ ಸೇರಿಸಿ ವಯರು ಸಿಕ್ಕಿಸಿದ್ರು. ಈಗ ಎಲ್ಲ ಚೀಟಿ ಕಿತ್ತು ಮತ್ತೆ ಅಂಟಿಸಬೇಕು. ಅಂದಾಜಿಗೆ ಆಗ್ಲಿಕ್ಕಿಲ್ಲ, ದೀಪ ನೋಡಿಯೇ ಅಂಟಿಸಿ ಅಂತ ತಪಾಸಣೆಯವರ ಹಟ. ಭಟ್ರು ಕುಟ್ಟುವುದು, ಮೇಡಂ ನಂಬ್ರ ಕೂಗುವುದು, ದೀಪ ಎಲ್ಲಿ ಮಿನುಗ್ತದೆ ಅಂತ ತಪಾಸಣೆಯವರು ಹುಡುಕುವುದು, ನಾನು ಗಮ್ಮು ಹಾಕುವುದು. ಇಗರ್ಜಿಯ ಹಬ್ಬದಲ್ಲಿ ಹೌಸಿ ಅಂತ ಒಂದು ಆಟ, ಚೀಟಿಯ ನಂಬ್ರ ಎಲ್ಲ ಮೊದಲು ಮುಗಿದವರು ಹೌಸಿ ಅಂತ ಕೂಗಿ ಗೆಲ್ಲುವುದು; ಅದಕ್ಕೆ ನಂಬ್ರ ಕೂಗಿ ಮೇಡಂಗೆ ಅಭ್ಯಾಸ. ಅದೇ ರಾಗದಲ್ಲಿ ಶುರು ಮಾಡಿದ್ರು: "ಒಂಟಿ ನಂಬ್ರ, ನಂಬ್ರ ಒಂದೂ!" ನಗು ಗೊತ್ತಿಲ್ಲದ ತಪಾಸಣೆಯವರು ಮೊದಲು ಬೆರಳು ತೋರಿಸಿದ್ರು, ಮತ್ತೆ "ಅಲ್ಲಿ ಅಲ್ಲಿ" ಅಂದ್ರು. ಎಂಟು ಬರುವಾಗ ಕೋಟು ಬಿಚ್ಚಿದ್ರು, ಹತ್ತು ಬರುವಾಗ ಸ್ಟೂಲು ಹತ್ತಿದ್ರು. ಹನ್ನೆರಡನೆಯದು ಎಲ್ಲಕ್ಕಿಂತ ಮೇಲೆ ಮಿನುಗಿತು ನೋಡಿ, ಸ್ಟೂಲಿನ ಮೇಲೆಯೇ ಎರಡೂ ಕೈ ಎತ್ತಿ ಕಾಲೇಜು ಇಡೀ ಕೇಳುವ ಹಾಗೆ ಕೂಗಿದ್ರು, "ಹೌಸೀ!"

ಬಾಗಿಲಲ್ಲಿ ಪ್ರಿನ್ಸಿಪಾಲರು ನಿಂತಿದ್ರು.

ಯಾರು ಎಂತ ಆದ್ರು

ತಪಾಸಣೆಯವರು ಸ್ಟೂಲಿನಿಂದ ಇಳಿದು, ಕೋಟು ಹಾಕಿ, ಅಲ್ಲೇ ವರದಿ ಬರೆದ್ರು: ಹನ್ನೆರಡೂ ಉಂಟು, ಒಳಗಿನ ಸಾಮಾನು ಒಂದೂ ಕಡಿಮೆ ಇಲ್ಲ, ನೋಡಿಕೊಳ್ಳುವವರು ಪ್ರಾಮಾಣಿಕರು. ಅದನ್ನು ಓದಿ ಪ್ರಿನ್ಸಿಪಾಲರು ಭಟ್ರ ಫೈಲಿನಿಂದ ಹಳೆಯ ಎರಡು ದೂರನ್ನೂ ತೆಗೆಸಿದ್ರು. ಈಗ ಅವರು ಯಾವ ಕಾಲೇಜಿಗೆ ಹೋದ್ರೂ ಬಿಚ್ಚುವ ಮೊದಲು ದೀಪ ತೋರಿಸಿ ಅಂತ ಕೇಳ್ತಾರಂತೆ.

ಮೇಡಂ ನಿವೃತ್ತಿ ಆದ್ರು. ಮಗಳ ಬಾಣಂತನಕ್ಕೆ ದುಬಾಯಿಗೆ ಹೋಗಿ ಬಂದ್ರು, ಈಗ ಊರಲ್ಲೇ ಇದ್ದಾರೆ, ಸೊಂಟ ನೋವು ಬಿಟ್ರೆ ಗಟ್ಟಿ. ಆ ಹನ್ನೆರಡು ಯಂತ್ರ ಹಳತಾಯಿತು ಅಂತ ಪಾಲಿಟೆಕ್ನಿಕ್ ಮಕ್ಕಳಿಗೆ ಬಿಚ್ಚಿ ಕಲಿಯಲಿಕ್ಕೆ ಕೊಟ್ರು. ನಾನು ಹೋದ ವರ್ಷ ಕೆಲಸ ಬಿಟ್ಟೆ. ಪ್ರೊಫೆಸರರ ಲೆಕ್ಕ ಮಾತ್ರ ಇನ್ನೂ ಮುಗಿಯಲಿಲ್ಲವಂತೆ.

ಭಟ್ರು ಒಂದು ದಿನ ಕಾಲೇಜಿನಿಂದ ನೇರ ನಮ್ಮ ಮನೆಗೆ ಬಂದಿದ್ರು, ಕೈಯಲ್ಲಿ ಒಂದು ಕಾಗದ. ನನಗೆ ಓದ್ಲಿಕ್ಕೆ ಬರುವುದಿಲ್ಲ ಅಂತ ಗೊತ್ತಲ್ಲ, ಅಂಗಳದಲ್ಲಿ ನಿಂತೇ ಓದಿ ಹೇಳಿದ್ರು. ಕಾಯಂ ಆಗಿತ್ತು. ಓದಿ ಮುಗಿಸುವಾಗ ನಾನು ಸೆರಗು ಹುಡುಕಿದೆ.

"ಭಟ್ರೇ, ಕಾಯಂ ಅಂದ್ರೆ ಎಷ್ಟು ವರ್ಷ?"

"ನಿವೃತ್ತಿ ಆಗುವವರೆಗೂ ಅಮ್ಮ. ಇನ್ನು ಯಾರೂ ತೆಗೆಯುವಂತಿಲ್ಲ. ಬರ್ತೇನೆ, ಬಸ್ಸಿಗೆ ಹೊತ್ತಾಯಿತು."

"ಇಷ್ಟು ವರ್ಷ ಓಡಿದ್ದು ಸಾಕು ಮಾರಾಯ್ರೇ. ಇನ್ನು ಎಂತ ಅವಸರ? ಕೂತು ಚಾ ಕುಡಿಯಿರಿ" ಅಂದೆ.

ಕೂತ್ರು. ಮೂರು ಬಸ್ಸು ಹೋಯಿತು.