ಒಂದೇ ಎಳೆತದ ಜನರೇಟರ್

ಮ್ಯಾನೇಜರ್ ರಾಮಸ್ವಾಮಿಗಳ ಮನೆಯ ಟೀವಿ ಕೆಟ್ಟಲ್ಲಿಂದ ಕೇಶವಮೂರ್ತಿಯ ಗ್ರಹಚಾರ ಶುರುವಾಯಿತು. "ಭಾನುವಾರದ ಕ್ರಿಕೆಟ್ ಫೈನಲ್ ನಮ್ಮನೇಲೇ ನೋಡಿ ಸಾರ್," ಎಂದು ಬಾಯಿತಪ್ಪಿ ಕರೆದುಬಿಟ್ಟಿದ್ದ. ಬಾಯಿತಪ್ಪಿ ಎಂದರೆ ಪೂರ್ತಿ ನಿಜವಲ್ಲ. ಅವರ ಬ್ಯಾಂಕಿನ ಕಾಟೇಗಾಂವ್ ಎಂಬ ಕಾಡು ಬ್ರಾಂಚಿಗೆ ಯಾರನ್ನೋ ವರ್ಗ ಮಾಡಬೇಕಿತ್ತು; ಆ ಯಾರೋ ತಾನಾಗದಿದ್ದರೆ ಸಾಕಿತ್ತು ಅವನಿಗೆ. ಆದರೆ ಘಾಟ್ಕೋಪರಿನ ಅವನ ಬಿಲ್ಡಿಂಗಿನಲ್ಲಿ ಕರೆಂಟು, ಮುನಿಸಿಕೊಂಡ ಅಳಿಯನಂತೆ, ಸಂಜೆಯಾದರೆ ಎದ್ದು ಹೋಗುತ್ತಿತ್ತು.

ಭಾನುವಾರ ಬೆಳಿಗ್ಗೆ ಜನರೇಟರ್ ಕೊಳ್ಳಲು ಹೊರಟವನನ್ನು ಮೇಲಿನ ಮನೆಯ ಇಂದ್ರಾಬಾಯಿ ಮೆಟ್ಟಿಲಲ್ಲೇ ತಡೆದರು. "ಭಾರ ಇರೂದು ನೋಡಿ ತಗೋರಿ. ಹಗರಂದ್ರ ನಡುಗಿ ನಡುಗಿ ಗ್ಯಾಲರಿಯಿಂದ ಕೆಳಗ ಬೀಳತೈತಿ!"

ಕೆಳಗಿನ ಹೋಟೆಲಿನ ಕೊರಗಪ್ಪ ಗಲ್ಲಾಪೆಟ್ಟಿಗೆಯ ಹಿಂದಿನಿಂದಲೇ ಕೂಗಿದ. "ಭಾರ ಎಂತಕ್ಕೆ ಮಾರಾಯ್ರೆ? ಹಗ್ಗ ಒಂದೇ ಎಳೆತಕ್ಕೆ ಸ್ಟಾರ್ಟ್ ಆಗ್ಬೇಕು. ನನ್ನದನ್ನು ಎಳೆದೂ ಎಳೆದೂ ಈ ಭುಜ ಇಳಿದಿದೆ, ನೋಡಿ."

ಬೈಕುಲ್ಲಾದ ಅಂಗಡಿಯಲ್ಲಿ ಕೇಶವಮೂರ್ತಿ ಎಳೆದದ್ದೇ ಎಳೆದದ್ದು. ಬಿಳಿ ಷರಟು ಬೂದುಬಣ್ಣಕ್ಕೆ ತಿರುಗಿದ ಮೇಲೆ ಒಂದು ಕೆಂಪು ಜನರೇಟರ್ ಒಂದೇ ಎಳೆತಕ್ಕೆ ಗುಡುಗಿತು. "ಯೇ ಕಭೀ ಧೋಖಾ ನಹೀಂ ದೇಗಾ, ಸಾಬ್," ಎಂದು, ಅದು ಎಂದೂ ಕೈಕೊಡದೆಂಬ ಭರವಸೆ ಕೊಟ್ಟ ಅಂಗಡಿಯವ.

ಲೋಕಲ್ ರೈಲಿನ ಲಗೇಜ್ ಡಬ್ಬಿಯಲ್ಲಿ ಅದು ಮೀನಿನ ಬುಟ್ಟಿಗಳ ನಡುವೆ ಕೂತು ಬಂತು. ಬಾಗಿಲಲ್ಲೇ ಹೆಂಡತಿ ವಿಮಲಾ ಮೂಗು ಮುಚ್ಚಿದಳು. "ಮೊದಲು ತೊಳೀರಿ. ಒಣಗಲಿ. ಕುಂಕುಮ ಇಟ್ಟು, ಕಾಯಿ ಒಡೆದ ಮೇಲೇ ಹಗ್ಗ ಮುಟ್ಟೋದು."

ತೊಳೆಸಿಕೊಂಡ ಜನರೇಟರ್ ತಲೆಗೆ ನೀರೆರೆದುಕೊಂಡ ಮದುಮಗಳಂತೆ ಗ್ಯಾಲರಿಯ ಬಿಸಿಲಿನಲ್ಲಿ ಕೂತೇ ಇತ್ತು.

ಮಧ್ಯಾಹ್ನ ರಾಮಸ್ವಾಮಿಗಳು ಬಂದು ಸೋಫಾ ತುಂಬಿದರು. ಜನರೇಟರ್ ನೋಡುವ ನೆಪದಲ್ಲಿ ಇಂದ್ರಾಬಾಯಿ, ಕೊರಗಪ್ಪ ಬಂದು ಉಳಿದ ಜಾಗ ತುಂಬಿದರು. ನಾಲ್ಕೂವರೆ ದಾಟಿತು. ಕೊನೆಯ ಓವರುಗಳು. ಎಲ್ಲರೂ ಉಸಿರು ಬಿಗಿಹಿಡಿದಿದ್ದಾಗ ಟೀವಿ ಫಟ್ಟೆಂದು ಕಣ್ಣು ಮುಚ್ಚಿತು.

"ಮೂರ್ತೀ!" ಎಂದರು ಸಾಹೇಬರು. ಆ ಒಂದು ಕೂಗಿನಲ್ಲಿ ಇಡೀ ಕಾಟೇಗಾಂವ್ ಇತ್ತು.

ಕೇಶವಮೂರ್ತಿ ಗ್ಯಾಲರಿಗೆ ಓಡಿದ. ವಿಮಲಾ ತೆಂಗಿನಕಾಯಿ ಹಿಡಿದು ಅಡ್ಡ ನಿಂತಿದ್ದಳು.

"ರಾಹುಕಾಲ ಕಣ್ರೀ! ಆರು ಗಂಟೆವರೆಗೂ ಮುಟ್ಟಕೂಡದು."

"ಆರಕ್ಕೆ ಮ್ಯಾಚ್ ಇರಲ್ಲ ಕಣೇ!"

"ನಾವಿರ್ತೀವಲ್ಲ?"

"ಆಕಿ ಹೇಳೂದು ಖರೆ ಐತಿ," ಎಂದರು ಇಂದ್ರಾಬಾಯಿ.

"ಓವರ್ ಮುಗೀತದೆ, ಎಳೀರಿ ಮಾರಾಯ್ರೆ!" ಎಂದ ಕೊರಗಪ್ಪ.

ಕೇಶವಮೂರ್ತಿ ಕಣ್ಣುಮುಚ್ಚಿ ಎಳೆದ. ಒಂದೇ ಎಳೆತ! ಬಿಲ್ಡಿಂಗೇ ಕಂಪಿಸಿತು, ಟೀವಿ ಕಣ್ಣು ಬಿಟ್ಟಿತು, ಕೊನೆಯ ಚೆಂಡಿಗೆ ನಮ್ಮವರು ಗೆದ್ದರು. ರಾಮಸ್ವಾಮಿಗಳು ಕೈಗೆ ಸಿಕ್ಕಿದ ಕೊರಗಪ್ಪನನ್ನೇ ಅಪ್ಪಿಕೊಂಡರು.

ಆಮೇಲೆ ಗ್ಯಾಲರಿಗೆ ಬಂದು ಜನರೇಟರಿನ ಬೆನ್ನು ತಟ್ಟಿದರು. "ಯಾರ್ರೀ ಇದನ್ನ ಆರಿಸಿದ್ದು?"

"ನಾನೇ ಸಾರ್!"

"ಭೇಷ್! ಕಾಟೇಗಾಂವಿಗೆ ಆ ಶೇಖರನ ಹೆಸರು ಹಾಕಿದ್ದೆ. ಅವನು ಕತ್ತಲಾದ್ರೆ ಮೇಣದಬತ್ತೀನೂ ಹುಡುಕೋನಲ್ಲ. ಅಲ್ಲಿ ಕರೆಂಟು ಬಂದ್ರೇ ಸುದ್ದಿ! ನಿಮ್ಮಂಥ ಮುಂದಾಲೋಚನೆಯೋರೇ ಬೇಕು. ನಾಳೆಯೇ ಆರ್ಡರ್ ಮಾಡಿಸ್ತೀನಿ. ಇದನ್ನೂ ಜೊತೆಗೇ ಒಯ್ಯಿರಿ!"

"ಸಾರ್, ನಾನು..." ಎಂದದ್ದು ಜನರೇಟರಿನ ಗುಡುಗಿನಲ್ಲಿ ಅವನಿಗೇ ಕೇಳಿಸಲಿಲ್ಲ.

ಆರು ಹೊಡೆಯಿತು. ಕರೆಂಟೂ ಬಂತು. ವಿಮಲಾ ಶಾಂತವಾಗಿ ಜನರೇಟರಿಗೆ ಕುಂಕುಮವಿಟ್ಟು, ಕಾಯಿ ಒಡೆದು, ಗಂಡನ ಕೈಗೊಂದು ಹೋಳು ಕೊಟ್ಟಳು.

"ತಗೊಳ್ಳಿ. ಪ್ರಯಾಣಕ್ಕೂ ಸೇರಿಸಿ ಇದೊಂದೇ ಪೂಜೆ ಸಾಕು."